ಗಾಜಿನ ತೊಟ್ಟಿಯ ಮೀನೂ ಸಮೀಪದ ಮಸೂರವೂ

ಶೃಂಗೇರಿಯಲ್ಲಿ ತುಂಗೆಯ ಸೋಪಾನದ ಮೇಲೆ ನಿಂತು ದೇವರ ಮೀನುಗಳಿಗೆ ಪುರಿಯನ್ನೆರಚಿ ಬಂದ ಮಕ್ಕಳು, ಊರಿಗೆ ಹಿಂದಿರುಗಿದ ಮೇಲೆ ನಮ್ಮ ಮನೆಗೂ ಮೀನು ಬೇಕೆಂದು ಹಟ ಹಿಡಿಯುವುದು ಸಹಜವೇ ಸರಿ. ನದಿಯನ್ನು ಮನೆಗೆ ತರಲಾಗದು. ಗಾಜಿನ ತೊಟ್ಟಿಯನ್ನು ತರಬಹುದು. ಒಂದು ಕಾಲಕ್ಕೆ ಹಳ್ಳಿಯಾಗಿದ್ದು ಈಗ ಬನಶಂಕರಿಯ ಬಡಾವಣೆಗಳೊಡನೆ ಕೂಡಿಹೋಗಿರುವ ನಮ್ಮ ಕತ್ರಿಗುಪ್ಪೆಯಲ್ಲಿ, ಮೂವತ್ತು ನಲವತ್ತರ ನಿವೇಶನದ ಮನೆಗಳ ನಡುಮನೆಯಲ್ಲಿ, ಎರಡಡಿ ಉದ್ದ ಒಂದಡಿ ಅಗಲದ ಇಂತಹ ತೊಟ್ಟಿಗಳು ಅಪರೂಪವಲ್ಲ. ತೊಟ್ಟಿ ಬಂದ ಕೆಲವೇ ವಾರಗಳಲ್ಲಿ ಅದರೊಳಗಿನ ಜೀವಿಗಳ ಚಿತ್ರ ತೆಗೆಯಬೇಕೆಂಬ ಆಸೆಯೂ ಹುಟ್ಟುತ್ತದೆ. ಕೈಯಲ್ಲಿರುವ ಮೊಬೈಲಿನಿಂದ ತೆಗೆದರೆ ಮೀನಿಗಿಂತ ಗಾಜಿನಲ್ಲಿ ಮೂಡಿದ ನಮ್ಮ ಮುಖವೇ ಹೆಚ್ಚು ಸ್ಪಷ್ಟವಾಗಿರುವುದುಂಟು. ಆಗ ತಿಳಿದವರೊಬ್ಬರು, “ಮ್ಯಾಕ್ರೋ ಲೆನ್ಸ್ ಕೊಳ್ಳಿರಿ” ಎಂದು ಸಲಹೆ ಕೊಡುತ್ತಾರೆ.

ಗೃಹಸ್ಥನ ಕಷ್ಟವು ಪ್ರಾರಂಭವಾಗುವುದು ಇಲ್ಲಿಂದಲೇ. ಈ ಬಗೆಯ ಮಸೂರವೊಂದರ ಬೆಲೆಯು ಅನೇಕ ಸಂಸಾರಗಳ ಒಂದು ತಿಂಗಳ ವೆಚ್ಚವನ್ನು ನುಂಗುವಷ್ಟಿರುತ್ತದೆ. ಅದನ್ನು ಕೊಳ್ಳಲೇಬೇಕೆ, ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು ಎಂಬುದನ್ನು ಹಣವು ಕೈಬಿಡುವ ಮೊದಲೇ ವಿಚಾರಿಸುವುದು ಲೇಸು.

ಮ್ಯಾಕ್ರೋ ಎಂದರೆ ಅತಿ ಸಮೀಪದ ವಸ್ತುವನ್ನು ಸ್ಫುಟವಾಗಿ ಹಿಡಿಯಬಲ್ಲ ಮಸೂರ. ಕ್ಯಾಮೆರಾದೊಳಗಿನ ಫಲಕದ ಮೇಲೆ ಬೀಳುವ ಬಿಂಬವು ವಸ್ತುವಿನಷ್ಟೇ ದೊಡ್ಡದಾಗಿದ್ದರೆ ಅದನ್ನು ಒಂದಕ್ಕೊಂದರ ಪ್ರಮಾಣವೆಂದೂ, ಅದರ ಅರ್ಧವಾಗಿದ್ದರೆ ಅರ್ಧ ಪ್ರಮಾಣವೆಂದೂ ಹೇಳುವರು. ಇಂತಹ ಮಸೂರಗಳು ಹವ್ಯಾಸಿಗಳ ಕೈಗೆ ಬಂದುದು ಬಹಳ ಹಿಂದಿನ ಮಾತಲ್ಲ. ಜರ್ಮನಿಯ ಕಿಲ್‌ಫಿಟ್ ಎಂಬಾತನು ‘ಮ್ಯಾಕ್ರೋ ಕಿಲಾರ್’ ಎಂಬ ಮಸೂರವನ್ನು ಹೊರತಂದುದು ೧೯೫೫ರಲ್ಲಿ. ಮರುವರ್ಷವೇ ಜಪಾನಿನ ನಿಕಾನ್ ಕಂಪನಿಯವರು ‘ಮೈಕ್ರೋ ನಿಕ್ಕೋರ್’ ಎಂಬುದನ್ನು ತಂದರು. ಗೆರೆಯ ಮೇಲೆ ಗೆರೆ ತುಂಬಿದ ಜಪಾನೀ ಲಿಪಿಯ ಪತ್ರಗಳನ್ನು ಸಣ್ಣ ಫಿಲ್ಮಿನ ಮೇಲೆ ಅಳಿಸಿಹೋಗದಂತೆ ನಕಲು ಮಾಡಿಡುವುದು ಅದರ ಉದ್ದೇಶವಾಗಿತ್ತು. ಇಂದಿಗೂ ಆ ಕಂಪನಿಯವರ ಹಲವು ಮಸೂರಗಳ ಮೇಲೆ ಮ್ಯಾಕ್ರೋ ಎಂಬುದಕ್ಕೆ ಬದಲಾಗಿ ಮೈಕ್ರೋ ಎಂದೇ ಬರೆದಿರುವುದನ್ನು ಕಂಡು ವಾಚಕರು ಗಾಬರಿಪಡಬೇಕಾದುದಿಲ್ಲ, ಎರಡೂ ಒಂದೇ.

ಪ್ರಮಾಣ ದೊಡ್ಡದಾದಷ್ಟೂ ಮಸೂರ ಶ್ರೇಷ್ಠವೆಂಬ ಭಾವನೆಯು ಎಲ್ಲರಲ್ಲಿಯೂ ಇದೆ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಸಾಮಾನ್ಯವಾಗಿ ಮನೆಗಳಲ್ಲಿರುವ, ಮಸೂರವನ್ನು ಬದಲಾಯಿಸಬಹುದಾದ ಕ್ಯಾಮೆರಾಗಳ ಫಲಕವು ಸುಮಾರು ೨೩ ಮಿ. ಮೀ. ಅಗಲವಿರುತ್ತದೆ. ಒಂದಕ್ಕೊಂದರ ಪ್ರಮಾಣದಲ್ಲಿ ೨೩ ಮಿ. ಮೀ.ಗಿಂತ ಉದ್ದವಾದ ವಸ್ತು ಅದರೊಳಗೆ ಹಿಡಿಸುವುದೇ ಇಲ್ಲ. ಬೆಳೆದ ನಿಯಾನ್ ಟೆಟ್ರಾ ಸುಮಾರು ೩ ಸೆ. ಮೀ.; ಗಂಡು ಗಪ್ಪಿಯೂ ಹೆಚ್ಚುಕಡಮೆ ಅಷ್ಟೇ; ಫೈಟರ್ ಮೀನು ೫ ರಿಂದ ೬ ಸೆ. ಮೀ.; ಚಿನ್ನದ ಮೀನಿನ ಮಾತಂತೂ ಬೇಡ. ಅಂದರೆ ತೊಟ್ಟಿಯ ಅತ್ಯಂತ ಚಿಕ್ಕ ಮೀನನ್ನು ಬಾಲಸಹಿತವಾಗಿ ತೆಗೆಯಬೇಕಾದರೂ ನಾವು ಒಂದಕ್ಕೊಂದರಿಂದ ಹಿಂದೆ ಸರಿಯಲೇಬೇಕು! ಅರ್ಧ ಪ್ರಮಾಣದಲ್ಲಿ ೪೬ ಮಿ. ಮೀ. ಅಗಲವು ಹಿಡಿಸುವುದರಿಂದ ಟೆಟ್ರಾ, ಗಪ್ಪಿಗಳಿಗೆ ಅದು ಬೇಕಾದಷ್ಟಾಯಿತು. ಒಂದಕ್ಕೊಂದರ ಪ್ರಮಾಣ ನಿಜವಾಗಿ ಬೇಕಾಗುವುದು ಮೀನಿನ ಕಣ್ಣು, ಎಲೆಗಂಟಿದ ತತ್ತಿ, ಆಗತಾನೆ ಹುಟ್ಟಿದ ಮರಿ, ಸಣ್ಣ ಸೀಗಡಿ ಇವುಗಳನ್ನು ತೆಗೆಯುವವರಿಗೆ.

ಚಿತ್ರವು ಅಂದಕ್ಕಾಗಿ ಮಾತ್ರವಲ್ಲದೆ ಮೀನಿನ ಆರೋಗ್ಯಕ್ಕೂ ಉಪಯೋಗವಾಗುವುದುಂಟು. ತೊಟ್ಟಿಯ ಮೀನುಗಳಿಗೆ ಬರುವ ರೋಗಗಳಲ್ಲಿ ಬಿಳಿ ಚುಕ್ಕೆಯ ರೋಗವು ಬಹಳ ಸಾಮಾನ್ಯವಾದದ್ದು. ಬರಿಗಣ್ಣಿಗೆ ಕಾಣದ ಒಂದು ಪರೋಪಜೀವಿ ಮೀನಿನ ಚರ್ಮದೊಳಗೆ ಸೇರಿ ಬೆಳೆದು, ಉಪ್ಪಿನ ಹರಳನ್ನು ಚಿಮುಕಿಸಿದಂತೆ ೧ ಮಿ. ಮೀ. ವರೆಗಿನ ಚುಕ್ಕೆಯಾಗಿ ತೋರುತ್ತದೆ. ಅದು ಚರ್ಮದಲ್ಲಿ ಅಡಗಿರುವವರೆಗೆ ನೀರಿಗೆ ಹಾಕಿದ ಔಷಧಿ ಅದನ್ನು ಮುಟ್ಟದು; ಕಳಚಿ ಕೆಳಗೆ ಬಿದ್ದು, ಒಂದು ನೂರಾಗಿ ಒಡೆದು, ಮರಿಗಳು ಹೊಸ ಮೀನನ್ನು ಹುಡುಕುತ್ತ ಈಜಾಡುವಾಗ ಮಾತ್ರ ಔಷಧಿ ತಗಲುವುದು. ಆದುದರಿಂದ ಮೊದಲನೆಯ ಮೀನಿನ ಮೇಲೆ ನಾಲ್ಕು ಚುಕ್ಕೆಗಳಿರುವಾಗಲೇ ಕಂಡುಹಿಡಿದವನ ತೊಟ್ಟಿ ಉಳಿಯುವ ಸಂಭವ ಹೆಚ್ಚು. ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಬೆದೆಗೆ ಬಂದ ಗಂಡು ಚಿನ್ನದ ಮೀನಿನ ಕಿವಿರಿನ ಮುಚ್ಚಳದ ಮೇಲೆಯೂ ಮುಂದಿನ ಈಜುರೆಕ್ಕೆಯ ಅಂಚಿನಲ್ಲಿಯೂ ಬಿಳಿಯ ಬೊಕ್ಕೆಗಳು ಏಳುತ್ತವೆ. ಅದು ರೋಗವಲ್ಲ, ಯೌವನ. ಇದನ್ನರಿಯದೆ ಗಟ್ಟಿಮುಟ್ಟಾದ ಮೀನಿಗೆ ಔಷಧಿ ಹಾಕುವವರಿದ್ದಾರೆ. ಬೊಕ್ಕೆಗಳು ಕಿವಿರು, ರೆಕ್ಕೆಗಳಲ್ಲಿ ಮಾತ್ರ ಒಪ್ಪವಾಗಿ ಸಾಲುಗೂಡಿವೆಯೇ, ಇಲ್ಲವೆ ಮೈಯೆಲ್ಲ, ಬಾಲವೆಲ್ಲ ಚದುರಿವೆಯೇ ಎಂಬುದನ್ನು ಒಳ್ಳೆಯ ಚಿತ್ರವೊಂದು ನಿಶ್ಚಯಿಸಿಬಿಡುತ್ತದೆ.

ಇದಕ್ಕಾದರೂ ದೊಡ್ಡ ಪ್ರಮಾಣ ಬೇಡವೇ ಎಂದು ಕೇಳಬಹುದು. ಬೇಡ. ಎರಡು ಕೋಟಿ ನಲವತ್ತು ಲಕ್ಷ ಬಿಂದುಗಳ ಕ್ಯಾಮೆರಾದಲ್ಲಿ ಅರ್ಧ ಮಿ. ಮೀ. ಚುಕ್ಕೆಯೊಂದು ಅರ್ಧ ಪ್ರಮಾಣದಲ್ಲಿಯೇ ಅಡ್ಡಕ್ಕೆ ಅರುವತ್ತಕ್ಕೂ ಹೆಚ್ಚು ಬಿಂದುಗಳನ್ನು ಆಕ್ರಮಿಸುತ್ತದೆ. ಕಣ್ಣಿಗೆ ಅದು ಧಾರಾಳವಾಗಿ ಸಾಕು.

ಹಾಗಾದರೆ ಮಸೂರಗಳಲ್ಲಿ ನೋಡಬೇಕಾದ ಮುಖ್ಯ ಗುಣ ಯಾವುದು? ದೂರ. ಕೊಳ್ಳುವವರು ಮೋಸಹೋಗುವುದೂ ಇಲ್ಲಿಯೇ. ೧೦೦ ಮಿ. ಮೀ. ಮಸೂರದ ಪೆಟ್ಟಿಗೆಯ ಮೇಲೆ ಕನಿಷ್ಠ ದೂರ ೩೦ ಸೆ. ಮೀ. ಎಂದಿದ್ದರೆ, ಅದು ಮಸೂರದ ತುದಿಯಿಂದ ಮೀನಿನವರೆಗಿನ ಅಂತರವಲ್ಲ. ಕ್ಯಾಮೆರಾದ ಬೆನ್ನ ಬಳಿಯಿರುವ ಫಲಕದಿಂದ ಅಳೆದದ್ದು. ಕ್ಯಾಮೆರಾದ ದಪ್ಪ, ಮಸೂರದ ಉದ್ದ ಎರಡನ್ನೂ ಕಳೆದರೆ ನಮಗೆ ಉಳಿಯುವುದು ಸುಮಾರು ೧೪ ಸೆ. ಮೀ. ಮಾತ್ರ. ೬೦ ಮಿ. ಮೀ. ಮಸೂರದಲ್ಲಿ ತಯಾರಕರಿಗೆ ತಕ್ಕಂತೆ ೫ ರಿಂದ ೯ ಸೆ. ಮೀ. ಉಳಿಯುವುದು; ೪೦ ಮಿ. ಮೀ.ನದರಲ್ಲಿ ಮೂರೂವರೆ ಸೆ. ಮೀ.ನಷ್ಟೂ ಕಷ್ಟವೇ. ನೀರಿನ ವಕ್ರೀಭವನವು ಇಲ್ಲಿ ನಮಗೆ ಸ್ವಲ್ಪ ಉಪಕಾರ ಮಾಡುತ್ತದೆ. ಬಾವಿಯ ತಳವು ಇದ್ದುದಕ್ಕಿಂತ ಮೇಲೆ ಕಾಣುವಂತೆ ಗಾಜಿನ ಹಿಂದಿನ ಮೀನೂ ಮುಕ್ಕಾಲು ದೂರದಲ್ಲಿರುವಂತೆ ಕಾಣುವುದರಿಂದ, ಮಸೂರವನ್ನು ಗಾಜಿಗೆ ತಗುಲಿಸಿ ಹಿಡಿದರೆ ೧೪ ಸೆ. ಮೀ. ಎಂಬುದು ನೀರಿನೊಳಗೆ ಸುಮಾರು ೧೮ ಸೆ. ಮೀ. ಆಗುತ್ತದೆ. ಒಂದಡಿ ಅಗಲದ ತೊಟ್ಟಿಯಲ್ಲಿ ಇದು ಅರ್ಧಕ್ಕೂ ಮಿಗಿಲು. ೪೦ ಮಿ. ಮೀ.ನವನಿಗೆ ಐದು ಸೆ. ಮೀ.ಗೂ ಕಡಮೆ, ಮೀನು ತಾನಾಗಿ ಬಂದು ಗಾಜಿಗೆ ಮೂಗು ತಾಗಿಸುವವರೆಗೆ ಅವನು ಕಾಯುತ್ತ ಕೂಡಬೇಕು. ಮೊಬೈಲಿನ ಮ್ಯಾಕ್ರೋ ಏರ್ಪಾಡಿಗೂ ಇದೇ ಗತಿ: ೨೦೨೧ರಲ್ಲಿ ಬಂದ ಐಫೋನ್ ೧೩ ಪ್ರೋ ೨ ಸೆ. ಮೀ. ಸಮೀಪದಲ್ಲಿ ನೋಡಬಲ್ಲುದೆಂದು ಹೆಸರು ಪಡೆಯಿತು. ಗಾಜಿಗಂಟಿದ ಬಸವನಹುಳುವಿಗೆ ಅದು ಸೊಗಸಾಗಿ ಒದಗುವುದು, ಈಜುವ ಮೀನಿಗಲ್ಲ.

ಹಕ್ಕಿಗಳಿಗೆಂದು ಕೊಂಡ ದೂರದರ್ಶಕ ಮಸೂರವೇ ಮನೆಯಲ್ಲಿದೆಯಲ್ಲಾ ಎನ್ನುವವರೂ ಉಂಟು. ಇ. ಹನುಮಂತರಾಯರು, ಟಿ. ಎನ್. ಎ. ಪೆರುಮಾಳರು, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಇಂತಹವರ ಚಿತ್ರಗಳಿಂದ ಸ್ಫೂರ್ತಿಗೊಂಡು ರಂಗನತಿಟ್ಟಿಗೆ ಹೋಗಿಬರುವ ಉತ್ಸಾಹಿಗಳು ನಮ್ಮಲ್ಲಿ ಕಡಮೆಯಿಲ್ಲ. ಆದರೆ ಅಂತಹ ಮಸೂರಗಳು ಸಾಧಾರಣವಾಗಿ ಒಂದು ಮೀಟರಿಗಿಂತ ಸಮೀಪದ ವಸ್ತುವನ್ನು ಕಾಣಲಾರವು. ಅಷ್ಟು ದೂರ ನಿಂತರೆ ನಡುಮನೆಯ ಕಿಟಕಿ, ದೀಪ, ಕುರ್ಚಿಗಳೆಲ್ಲ ಗಾಜಿನಲ್ಲಿ ಬಂದು ಕೂರುತ್ತವೆ.

ದೂರವಾದ ಮೇಲೆ ಸ್ಫುಟತೆಯ ಆಳ. ಕಿಂಡಿಯನ್ನು ಎಫ್-೮ಕ್ಕೆ ಇಟ್ಟರೆ ಒಂದಕ್ಕೊಂದರ ಪ್ರಮಾಣದಲ್ಲಿ ಸ್ಫುಟವಾಗಿ ಕಾಣುವ ಪದರವು ಒಂದು ಮಿ. ಮೀ.ನಷ್ಟೂ ಇಲ್ಲ, ಅರ್ಧ ಪ್ರಮಾಣದಲ್ಲಿ ಸುಮಾರು ೨ ಮಿ. ಮೀ., ಕಾಲು ಪ್ರಮಾಣದಲ್ಲಿ ಸುಮಾರು ೬ ಮಿ. ಮೀ. ಮೀನು ಪಕ್ಕವನ್ನು ತೋರಿಸಿ ನಿಂತ ಕ್ಷಣವನ್ನೇ ಹಿಡಿಯಬೇಕು. ಮಸೂರವನ್ನು ಗಾಜಿಗೆ ನೇರವಾಗಿಯೇ ಹಿಡಿಯತಕ್ಕದ್ದು. ಓರೆಯಾಗಿ ನೋಡಿದರೆ ಗಾಜೂ ನೀರೂ ಸೇರಿ ಬಣ್ಣಗಳನ್ನು ಬೇರ್ಪಡಿಸಿ ಅಂಚುಗಳನ್ನು ಮಸುಕು ಮಾಡುತ್ತವೆ. ಎಷ್ಟು ಬೆಲೆಯ ಮಸೂರವೂ ಇದನ್ನು ಸರಿಪಡಿಸಲಾರದು. ದುಂಡನೆಯ ಗಾಜಿನ ಬಟ್ಟಲಲ್ಲಿ ಮೀನು ಸಾಕಿದವರು ಚಿತ್ರದ ಆಸೆಯನ್ನು ಬಿಡುವುದೇ ಮೇಲು. ಮೀನಿಗೂ ಆ ಬಟ್ಟಲು ಒಳ್ಳೆಯದಲ್ಲವೆಂಬುದು ಬೇರೆಯ ಮಾತು.

ಇನ್ನು ನಮ್ಮ ಅಭಿಪ್ರಾಯ. ಮನೆಯಲ್ಲಿ ಆಗಲೇ ೫೦ ಮಿ. ಮೀ. ಸಾಧಾರಣ ಮಸೂರವಿದ್ದರೆ, ಮೊದಲು ೨೫ ಮಿ. ಮೀ. ಉದ್ದದ ವಿಸ್ತರಣ ನಳಿಗೆಯೊಂದನ್ನು ಕೊಳ್ಳುವುದು ಉತ್ತಮ. ಇದರೊಳಗೆ ಗಾಜಿಲ್ಲ, ಬರಿಯ ಟೊಳ್ಳು ಕೊಳವೆ. ಮಸೂರವನ್ನು ಕ್ಯಾಮೆರಾದಿಂದ ಮುಂದಕ್ಕೆ ತಳ್ಳುವುದಷ್ಟೇ ಇದರ ಕೆಲಸ. ೨೫ನ್ನು ೫೦ರಿಂದ ಭಾಗಿಸಿದರೆ ಅರ್ಧ. ಅಂದರೆ ಅರ್ಧ ಪ್ರಮಾಣ ಅಲ್ಲಿಗೇ ಸಿದ್ಧವಾಯಿತು. ಕಿಂಡಿಯನ್ನು ಕ್ಯಾಮೆರಾದಿಂದಲೇ ತಿದ್ದಲು ಅನುಕೂಲವಾಗುವಂತೆ ವಿದ್ಯುತ್ ಸಂಪರ್ಕದ ಬಿಂದುಗಳಿರುವ ನಳಿಗೆಯನ್ನೇ ಆರಿಸಬೇಕು. ನಳಿಗೆಯನ್ನು ಹಾಕಿರುವಾಗ ದೂರದ ವಸ್ತುಗಳು ಕಾಣುವುದಿಲ್ಲವೆಂಬುದೊಂದು ತೊಡಕು. ಮೂರು ತಿಂಗಳು ಇದರಲ್ಲಿ ದುಡಿದೂ ಉತ್ಸಾಹ ಕುಗ್ಗದಿದ್ದವರು ೯೦ ಅಥವಾ ೧೦೦ ಮಿ. ಮೀ. ಮಸೂರಕ್ಕೆ ಹಣ ಹಾಕಬಹುದು. ಕೈನಡುಕವನ್ನು ತಡೆಯುವ ಯಂತ್ರವಿದೆಯೆಂದು ಹೆಚ್ಚು ಬೆಲೆ ಹೇಳಿದರೆ ಮರುಳಾಗಬಾರದು. ಅದು ನಮ್ಮ ಕೈಯನ್ನು ನಿಲ್ಲಿಸೀತೇ ಹೊರತು ಮೀನಿನ ಬಾಲವನ್ನಲ್ಲ.

ಹಳೆಯ ಮಸೂರಗಳನ್ನು ಕೊಂಡರೂ ನಷ್ಟವಿಲ್ಲ. ಕೈಯಿಂದಲೇ ತಿರುಗಿಸುವ ೫೫ ಮಿ. ಮೀ. ಮೈಕ್ರೋ ನಿಕ್ಕೋರ್ ತಾನೊಂದೇ ಅರ್ಧ ಪ್ರಮಾಣವನ್ನು ಕೊಡುತ್ತದೆ. ಹೇಗೂ ಇಷ್ಟು ಸಮೀಪದಲ್ಲಿ ಸ್ವಯಂಚಾಲಿತ ಯಂತ್ರವು ಗಾಜಿನ ಮೇಲಿನ ಗೀಚನ್ನೋ ತೇಲುವ ಕಸವನ್ನೋ ಹಿಡಿದುಕೊಂಡು ತಡಕಾಡುವುದೇ ಹೆಚ್ಚು. ಆದರೆ ಹಳೆಯದನ್ನು ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಬಿಟ್ಟು ನೋಡತಕ್ಕದ್ದು. ಒಳಗೆ ಜೇಡನ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ಮಳೆಗಾಲದಲ್ಲಿ ಬೀರುವಿನೊಳಗೆ ಬಟ್ಟೆಗಳ ನಡುವೆ ಇಟ್ಟ ಮಸೂರಗಳಿಗೆಲ್ಲ ಈ ಅಪಾಯವುಂಟು.

ಹಣ ಉಳಿದರೆ ಬೆಳಕಿಗೆ ಹಾಕುವುದು ಲೇಸು. ಒಂದಕ್ಕೊಂದರ ಪ್ರಮಾಣದಲ್ಲಿ ಫಲಕಕ್ಕೆ ಮುಟ್ಟುವ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆಯೆಂಬುದನ್ನು ಮರೆಯಬಾರದು. ಕ್ಯಾಮೆರಾದ ತಲೆಯ ಮೇಲಿನ ಫ್ಲಾಶ್ ಗಾಜಿಗೆ ಬಡಿದು ಹಿಂದಿರುಗುವುದರಿಂದ ಅದನ್ನು ಬೇರ್ಪಡಿಸಿ ತೊಟ್ಟಿಯ ಮುಚ್ಚಳದ ಮೇಲಿನಿಂದ ಕೆಳಮುಖವಾಗಿ ಬೀಳುವಂತೆ ಇಡಬೇಕು. ಮಸೂರದ ತುದಿಗೆ ರಬ್ಬರಿನ ಕೊಳವೆಯೊಂದನ್ನು ಸಿಕ್ಕಿಸಿ ಗಾಜಿಗೆ ಮೆತ್ತಗೆ ಒತ್ತಿದರೆ ಪ್ರತಿಬಿಂಬದ ಕಾಟ ತೊಲಗುವುದು. ಮೀನುಗಳು ಕತ್ತಲೆಯಲ್ಲಿ ವಿಶ್ರಮಿಸುತ್ತಿರುವಾಗ ಫಕ್ಕನೆ ದೀಪ ಹಾಕಿದರೆ ಬೆದರಿ ಗಾಜಿಗೆ ಡಿಕ್ಕಿ ಹೊಡೆಯುವುದುಂಟು. ಕೋಣೆಯ ದೀಪವನ್ನು ಮೊದಲು ಹಾಕಿ, ಸ್ವಲ್ಪ ಹೊತ್ತಿನ ಮೇಲೆ ತೊಟ್ಟಿಯ ದೀಪವನ್ನು ಹಾಕಿ, ಅವು ಚೇತರಿಸಿಕೊಂಡ ಅನಂತರ ಕೋಣೆಯದನ್ನು ಆರಿಸಿ ಕೆಲಸ ಪ್ರಾರಂಭಿಸಬೇಕು. ಒಂದೆಡೆ ನಿಲ್ಲಲೆಂದು ಮೀನನ್ನು ಎರಡು ಗಾಜುಗಳ ನಡುವೆ ಇರುಕಿಸುವ ಉಪಾಯವನ್ನು ಶಾಸ್ತ್ರಜ್ಞರು ಅಳತೆಗಾಗಿ ಕೆಲವು ನಿಮಿಷ ಬಳಸುವುದುಂಟು. ಮನೆಯಲ್ಲಿ ಅದನ್ನು ಮಾಡುವುದು ಹಿಂಸೆಯೇ ಸರಿ. ದಿನವೂ ಒಂದೇ ಹೊತ್ತಿಗೆ, ಒಂದೇ ಮೂಲೆಯಲ್ಲಿ ಒಂದು ಚಿಟಿಕೆ ಆಹಾರ ಹಾಕುತ್ತ ಬಂದರೆ ಮೀನುಗಳೇ ಆ ಗಾಜಿನ ಬಳಿಗೆ ಬಂದು ಕಾಯುವವು.

ಕೊಳವೆ ಬಾವಿಯ ಗಡಸು ನೀರನ್ನು ಹಾಕುವ ಮನೆಗಳಲ್ಲಿ ನೀರಿನ ಮಟ್ಟದ ಗೆರೆಯುದ್ದಕ್ಕೂ ಸುಣ್ಣದಂತಹ ಬಿಳಿಯ ಕರೆ ಕಟ್ಟುತ್ತದೆ. ನಿಂಬೆರಸದಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ, ರಸವು ನೀರಿಗೆ ಬೀಳದಂತೆ, ಅದನ್ನು ಒರೆಸಬಹುದು. ಸೋಪಿನ ಪುಡಿಯನ್ನು ಮಾತ್ರ ಎಂದಿಗೂ ಹತ್ತಿರ ತರಬಾರದು.