ರೂಟರಿನ ನಿರ್ಗಮನ ದ್ವಾರದಲ್ಲಿ ಸರದಿಯ ಕ್ರಮ

ತುಮಕೂರು–ತಿಪಟೂರು ಹೆದ್ದಾರಿಗೆ ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ರಸ್ತೆಗಳು ಬಂದು ಸೇರುವ ಕಿಬ್ಬನಹಳ್ಳಿ ಕ್ರಾಸಿನಲ್ಲಿ, ಹಲವು ದಿಕ್ಕಿನ ವಾಹನಗಳು ಒಂದೇ ದಾರಿ ಹಿಡಿಯಬೇಕಾದಾಗ ಕೆಲವು ಕಾಯಲೇಬೇಕಾಗುತ್ತದೆ. ಗಣಕಜಾಲದ ರೂಟರಿನ ಸ್ಥಿತಿಯೂ ಇದೇ. ಅದರ ಒಂದು ಇಂಟರ್‌ಫೇಸಿನಿಂದ ಹೊರಡುವುದಕ್ಕಿಂತ ವೇಗವಾಗಿ ಪ್ಯಾಕೆಟ್ಟುಗಳು ಬಂದರೆ ಅಲ್ಲಿ ಸಾಲು ಬೆಳೆಯುತ್ತದೆ. ಸರದಿಯ ಕ್ರಮವು ಮಾರ್ಗವನ್ನು ಅಗಲಗೊಳಿಸದು. ಯಾರು ಕಾಯಬೇಕೆಂಬುದನ್ನು ಮಾತ್ರ ನಿರ್ಣಯಿಸುತ್ತದೆ. ಆದುದರಿಂದ ಇದು ಯಂತ್ರದ ವಿಷಯವಾಗಿರುವಂತೆಯೇ ನ್ಯಾಯದ ವಿಷಯವೂ ಹೌದು.

ಮೊದಲು ಪರಿಶೀಲಿಸಬೇಕಾದುದು ಮಾರ್ಗದ ವೇಗ. 1500 ಬೈಟುಗಳ, ಎಂದರೆ 12,000 ಬಿಟ್ಟುಗಳ ಪ್ಯಾಕೆಟ್ಟೊಂದು ಸೆಕೆಂಡಿಗೆ 64 ಕಿಲೋಬಿಟ್ಟಿನ ಮಾರ್ಗದಲ್ಲಿ ಹೊರಡಲು 187.5 ಮಿಲಿಸೆಕೆಂಡು ಬೇಕು. ಗ್ರಾಮ ಪಂಚಾಯತಿಗಳಿಗೆ ಒದಗಿಸಬೇಕೆಂದು 2011ರಲ್ಲಿ ಅಂಗೀಕೃತವಾದ, ಮುಂದೆ ಭಾರತ್‌ನೆಟ್ ಎನಿಸಿದ ಯೋಜನೆಯು ಉದ್ದೇಶಿಸಿದ 100 ಮೆಗಾಬಿಟ್ಟಿನ ಮಾರ್ಗದಲ್ಲಾದರೋ 0.12 ಮಿಲಿಸೆಕೆಂಡು ಸಾಕು. ಧ್ವನಿಸಂಭಾಷಣೆಗೆ ಒಂದು ದಿಕ್ಕಿನ ವಿಳಂಬವು 150 ಮಿಲಿಸೆಕೆಂಡನ್ನು ಮೀರದಿರುವುದು ಲೇಸು. ಮಾರ್ಗವು ಮಂದವಾದಷ್ಟೂ ಕ್ರಮದ ಆಯ್ಕೆ ಮುಖ್ಯವಾಗುವುದೆಂಬುದು ಇದರಿಂದ ಸ್ಪಷ್ಟ.

ಕ್ರಮಗಳು ಸ್ಥೂಲವಾಗಿ ಮೂರು. ಮೊದಲನೆಯದು, ಬಂದವರಿಗೆ ಬಂದಂತೆ ದಾರಿ ಕೊಡುವುದು. ವೇಗದ, ಹೊರೆ ಕಡಿಮೆಯಿರುವ ಮಾರ್ಗಕ್ಕೆ ಇದು ಸಾಕು. ಆದರೆ ದೊಡ್ಡ ಕಡತವೊಂದು ಸಾಲನ್ನು ತುಂಬಿದರೆ ಸಣ್ಣ ಸಂದೇಶಗಳೆಲ್ಲ ಅದರ ಹಿಂದೆ ನಿಲ್ಲಬೇಕು. ಎರಡನೆಯದು ಪ್ರಾಶಸ್ತ್ಯ. ಇದು ಧ್ವನಿಗೆ ಹಿತಕರ. ಮಿತಿಯಿಲ್ಲದಿದ್ದರೆ ಕೆಳಗಿನ ವರ್ಗಕ್ಕೆ ಸರದಿಯೇ ಬಾರದು. ಹೊರಡುತ್ತಿರುವ ಪ್ಯಾಕೆಟ್ಟನ್ನು ಪ್ರಾಶಸ್ತ್ಯವೂ ತಡೆಯದಾದುದರಿಂದ, ಮಂದ ಮಾರ್ಗದಲ್ಲಿ ದೊಡ್ಡ ಪ್ಯಾಕೆಟ್ಟುಗಳನ್ನು ತುಂಡರಿಸಬೇಕಾಗುತ್ತದೆ.

ಮೂರನೆಯದು ಸಮಪಾಲಿನ ಸರದಿ. ಪ್ರತಿಯೊಂದು ಮೂಲಕ್ಕೂ ಬೇರೆ ಸಾಲನ್ನಿಟ್ಟು ಪಾಳಿಯಂತೆ ಒಂದೊಂದು ಪ್ಯಾಕೆಟ್ಟನ್ನು ಬಿಡಬೇಕೆಂದು 1985ರಲ್ಲಿ ಜಾನ್ ನೇಗಲ್ ಸೂಚಿಸಿದರು. ಆದರೆ ಹಿರಿಯ ಪ್ಯಾಕೆಟ್ಟು ಕಳುಹಿಸುವವನಿಗೆ ಇದರಲ್ಲಿ ಹೆಚ್ಚು ಪಾಲು ದೊರೆಯುತ್ತದೆ. ಕೆರೆಯ ನೀರುಗಂಟಿಯು ಪಾಳಿಯನ್ನಷ್ಟೇ ಎಣಿಸಿ ನೀರಿನ ಪ್ರಮಾಣವನ್ನು ನೋಡದಿದ್ದರೆ ಆಗುವ ಅನ್ಯಾಯವೇ ಇದು. 1989ರಲ್ಲಿ ಡೆಮರ್ಸ್, ಕೇಶವ್, ಶೆಂಕರ್ ಅವರು ಬಿಟ್ಟುಗಳ ಲೆಕ್ಕದಲ್ಲಿ ಪಾಲು ಹಂಚುವ ವಿಧಾನದಿಂದ ಇದನ್ನು ತಿದ್ದಿದರು. ಅಗತ್ಯಕ್ಕೆ ತಕ್ಕಂತೆ ಪಾಲುಗಳಿಗೆ ತೂಕವನ್ನೂ ಕೊಡಬಹುದು.

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಂತೆ ವಿದ್ಯುನ್ಮಾನ ಟೆಂಡರು ನಡೆಯುವೆಡೆಯಲ್ಲಿ, ಗಡುವಿನೊಳಗೆ ಮುಟ್ಟಬೇಕಾದ ಬೆಲೆಯ ಸಂದೇಶವು ಯಾರೋ ನೋಡುತ್ತಿರುವ ಚಲನಚಿತ್ರದ ಹಿಂದೆ ಸಿಕ್ಕಿಕೊಂಡರೆ ನಷ್ಟ ಬೆಳೆಗಾರನದು. ಆದಕಾರಣ ಇಕ್ಕಟ್ಟಿನ ಮಾರ್ಗದಲ್ಲಿ ಧ್ವನಿಗೆ ಮಿತಿಯುಳ್ಳ ಪ್ರಾಶಸ್ತ್ಯವನ್ನೂ, ವ್ಯವಹಾರದ ಸಂದೇಶಗಳಿಗೆ ಖಚಿತವಾದ ಪಾಲನ್ನೂ, ಉಳಿದವಕ್ಕೆ ಸಮಪಾಲನ್ನೂ ಇಡುವುದು ಯುಕ್ತ. ಹೀಗೆ ಮಾಡಿದ ಮೇಲೂ ಸಾಲು ಸದಾ ತುಂಬಿಯೇ ಇದ್ದರೆ, ಬದಲಿಸಬೇಕಾದುದು ಕ್ರಮವನ್ನಲ್ಲ, ಮಾರ್ಗವನ್ನು.