ಪುಕ್ಕಟೆ ನಡಿಗೆಯ ಖರ್ಚು: ಗಂಗಾವತಿಯಿಂದ ರಾಯಚೂರಿಗೆ 2 ಲಕ್ಷ ಹೆಜ್ಜೆ

ಗಂಗಾವತಿ ಬಳಿಯ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಅದೇ ಗಂಗಾವತಿ ಸೀಮೆಯಿಂದ ಯುಗಾದಿಗೆ ಶ್ರೀಶೈಲ ಮುಟ್ಟಬೇಕೆಂದು ಹೊರಟವರು ಕಾರಟಗಿ, ಸಿಂಧನೂರು, ಮಾನ್ವಿ ಹಾದು ರಾಯಚೂರು ಸೇರಲು ನಡೆಯಬೇಕಾದ್ದು ಸುಮಾರು 140 ಕಿ.ಮೀ. ಹೆಜ್ಜೆಗೆ 70 ಸೆಂ.ಮೀ. ಹಿಡಿದರೆ 2 ಲಕ್ಷ ಹೆಜ್ಜೆ. ಗಂಗಾವತಿಯೂ ರಾಯಚೂರೂ ಸಮುದ್ರಮಟ್ಟದಿಂದ ಹೆಚ್ಚುಕಮ್ಮಿ 400 ಮೀಟರ್ ಎತ್ತರದಲ್ಲೇ ಇವೆ. ಕೊಪ್ಪಳ 500 ಮೀಟರ್ ದಾಟುತ್ತದೆ, ಕುಷ್ಟಗಿ ಇನ್ನೂ ಮೇಲೆ. ಆ ಕಡೆಯಿಂದ ಇಳಿದು ಬಂದವರಿಗೆ ಮುಂದೆ ಶ್ರೀಶೈಲದ ಸುತ್ತಲಿನ ನಲ್ಲಮಲ ಕಾಡು ಸಿಗುವವರೆಗೆ ಏರು ಎನ್ನುವಂಥದ್ದು ಕಡಿಮೆ.

ಸಪಾಟು ದಾರಿ ಸಸಾರ ಎಂದುಕೊಂಡರೆ ಅಂಗಾಲು ಒಪ್ಪುವುದಿಲ್ಲ. ಏರಿಳಿತ ಇದ್ದಲ್ಲಿ ಭಾರ ಒಮ್ಮೆ ಹಿಮ್ಮಡಿಗೆ, ಒಮ್ಮೆ ಬೆರಳಿಗೆ ಬೀಳುತ್ತದೆ. ಇಲ್ಲಿ ಹೆಜ್ಜೆ ಹೆಜ್ಜೆಗೂ ಅದೇ ಜಾಗ, ಅದೇ ಡಾಂಬರು. ದಿನಕ್ಕೆ 35 ಕಿ.ಮೀ. ಎಂದರೆ ನಾಲ್ಕು ದಿನ. ತಾಸಿಗೆ ನಾಲ್ಕೂವರೆ ಕಿ.ಮೀ. ವೇಗದಲ್ಲಿ ದಿನಕ್ಕೆ ಎಂಟು ತಾಸಿನ ನಡಿಗೆ. ಬಿಸಿಲು 40 ಡಿಗ್ರಿ ಹತ್ತಿರ ಬರುವ ಕಾಲ, ಗದ್ದೆ ಬಯಲಿನಲ್ಲಿ ಮರದ ನೆರಳು ಅಪರೂಪ. ಹಾಗಾಗಿ ನಸುಕಿನಲ್ಲಿ ಒಂದಿಷ್ಟು, ಹೊತ್ತು ಇಳಿದ ಮೇಲೆ ಒಂದಿಷ್ಟು.

ಈಗ ನೀರಿನ ಲೆಕ್ಕ. ತಲೆಗೆ ದಿನಕ್ಕೆ 6 ಲೀಟರ್ ಇಟ್ಟುಕೊಂಡರೆ ನೂರು ಮಂದಿಗೆ 600 ಲೀಟರ್. ಊರಿನ ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ನಾಣ್ಯಕ್ಕೆ 20 ಲೀಟರ್ ಬಂದರೆ 30 ಕ್ಯಾನಿಗೆ 150 ರೂಪಾಯಿ. ಅಷ್ಟೇ ನೀರನ್ನು 20 ರೂಪಾಯಿಯ ಬಾಟಲಿಯಲ್ಲಿ ಕೊಂಡರೆ 12,000! ರಸ್ತೆ ಬದಿ ಶಾಮಿಯಾನ ಹಾಕಿ ಕ್ಯಾನ್ ಇಟ್ಟುಕೊಂಡು ಕೂತವರು ಉಳಿಸಿಕೊಡುವ ದುಡ್ಡು ಇದು.

ಯಾತ್ರಿಕರಿಗೆ ಬಡಿಸುವ ರೊಟ್ಟಿಯ ಲೆಕ್ಕ ಇಷ್ಟು ಸಲೀಸಾಗಿಲ್ಲ. ತಲೆಗೆ ಮೂರರಂತೆ ನೂರು ಮಂದಿಗೆ ಒಂದು ಹೊತ್ತಿಗೆ 300 ರೊಟ್ಟಿ. ಕೆ.ಜಿ. ಹಿಟ್ಟಿಗೆ 12 ಎಂದರೆ 25 ಕೆ.ಜಿ. ಜೋಳ ಬೇಕು. 2025-26ರಲ್ಲಿ ಮಾಲ್ದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ. ಆ ದರದಲ್ಲಿ ಜೋಳಕ್ಕೆ 937 ರೂಪಾಯಿ. ರೊಟ್ಟಿ ಅಂಗಡಿಯಿಂದ ತಂದರೆ, ಒಂದಕ್ಕೆ ಹತ್ತೇ ಹಿಡಿಯಿರಿ, 3,000. ನಡುವಿನ ಎರಡು ಸಾವಿರದ ಚಿಲ್ಲರೆ ಯಾರದು? ಬೀಸಿದ್ದು, ಉರುವಲು ಬಿಟ್ಟರೆ ಬಹುಪಾಲು ಬಡಿದ ಕೈಯದು. ತಾಸಿಗೆ 30 ಬಡಿದರೂ ಹತ್ತು ತಾಸಿನ ಕೆಲಸ. ಹೋಲಿಕೆಗೆ ಹೇಳುವುದಾದರೆ, ಅದೇ 2025-26ರಲ್ಲಿ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ದಾಸೋಹದ ಜಮಾಖರ್ಚಿನಲ್ಲಿ ಅಕ್ಕಿ, ಬೇಳೆ, ಎಣ್ಣೆ ಕೊಟ್ಟವರ ಹೆಸರು ಬರುತ್ತದೆ. ಒಲೆ ಮುಂದೆ ಕೂತವರ ಹತ್ತು ತಾಸು ಯಾವ ಕಾಲಂನಲ್ಲೂ ಬರುವುದಿಲ್ಲ. ಪಾದಯಾತ್ರೆಗೆ ದುಡ್ಡು ಬೇಡ ಎನ್ನುವವರು ಮೊದಲು ಇದನ್ನು ಕೂಡಿಸಲಿ.

ಅತಿ ಅಗ್ಗದ ಬಾಬತ್ತು ಎಂದರೆ ಅಂಗಾಲಿನ ಬೊಬ್ಬೆಯ ಉಪಚಾರ. ಸೂಜಿಗೆ ದಾರ ಪೋಣಿಸಿ, ಬೊಬ್ಬೆಯ ಈ ಬದಿಯಿಂದ ಆ ಬದಿಗೆ ಎಳೆದು, ದಾರದ ತುಂಡನ್ನು ಒಳಗೇ ಬಿಡುತ್ತಾರೆ. ನೀರು ದಾರ ಹಿಡಿದು ಇಳಿಯುತ್ತದೆ, ಮೇಲಿನ ತೊಗಲು ಹರಿಯುವುದಿಲ್ಲ. “ಯಣ್ಣಾ, ಕಾಲು ಅಲುಗಾಡಿಸಬ್ಯಾಡ್ರಿ” ಎನ್ನುತ್ತಾ ಹುಡುಗರು ಬಿಸಿನೀರಿನ ಬೋಗುಣಿ ಮುಂದೆ ಸರಿಸುತ್ತಾರೆ. ಸೂಜಿ ಕಾಯಿಸದೆ ಚುಚ್ಚಿದರೆ ಮಾತ್ರ ಅಗ್ಗದ ಮದ್ದು ದುಬಾರಿಯಾಗುತ್ತದೆ, ಸಕ್ಕರೆ ಕಾಯಿಲೆಯವರಿಗಂತೂ ಇದು ಬೇಡವೇ ಬೇಡ.

 

ಯಾತ್ರಿಕರ ಸ್ವಂತ ಜೇಬಿಗೆ ಕತ್ತರಿ ಬೀಳುವುದು ಮರಳುವಾಗ. ಶ್ರೀಶೈಲದಲ್ಲಿ ಮಲ್ಲಯ್ಯನ ದರ್ಶನವಾಗಿ, ಭ್ರಮರಾಂಬೆಗೆ ಸೀರೆ-ಕುಪ್ಪಸ ಒಪ್ಪಿಸಿದ ಮೇಲೆ ಬಸ್ಸೇ ಗತಿ. ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ ಮಾಡಿದ, 2023ರ ಜೂನ್ 11ರಿಂದ ಇರುವ ಕರ್ನಾಟಕದ ಶಕ್ತಿ ಯೋಜನೆ ರಾಜ್ಯದೊಳಗಿನ ಪ್ರಯಾಣಕ್ಕೆ ಮಾತ್ರ. ಆಂಧ್ರದಲ್ಲಿ 2025ರ ಆಗಸ್ಟ್ 15ಕ್ಕೆ ಶುರುವಾದ ಉಚಿತ ಪ್ರಯಾಣ ಅಲ್ಲಿನ ಹೆಣ್ಣುಮಕ್ಕಳಿಗೆ. ಹೀಗಾಗಿ ಕೊಪ್ಪಳದ ಅಕ್ಕ ಶ್ರೀಶೈಲದಿಂದ ರಾಯಚೂರಿಗೆ ಟಿಕೆಟ್ ಕೊಂಡು ಬರಬೇಕು. ರಾಯಚೂರಿನಲ್ಲಿ ಬಸ್ ಬದಲಿಸಿ ಆಧಾರ್ ತೋರಿಸಿದರೆ, ನಾಲ್ಕು ದಿನ ನಡೆದ ದಾರಿಗೆ ಸೊನ್ನೆ ರೂಪಾಯಿ ಚೀಟಿ.