ಮಗನ ಕೈಗೆ ಬಂದ ಯಜಮಾನಿಕೆ

ಅಮೆರಿಕದ ಊರುಗಳ ಉದ್ಯಾನದಲ್ಲಿ ಅಡ್ಡಾಡುವಾಗ ಬೆಂಚಿನ ಬೆನ್ನಿಗೋ, ತೊರೆಯ ಮೇಲಿನ ಮರದ ಕಾಲುಸಂಕಕ್ಕೋ ಬಡಿದ ಪುಟ್ಟ ಲೋಹದ ಫಲಕ ಕಣ್ಣಿಗೆ ಬೀಳುತ್ತದೆ. ‘ಈಗಲ್ ಸ್ಕೌಟ್ ಪ್ರಾಜೆಕ್ಟ್’ ಎಂಬ ಬರಹ, ಕೆಳಗೊಂದು ಹೆಸರು, ಟ್ರೂಪಿನ (ಸ್ಕೌಟ್ ತಂಡದ) ಸಂಖ್ಯೆ, ಇಸವಿ. ಹಳೆಯ ಸ್ಮಶಾನದ ಬೇಲಿ, ಚರ್ಚಿನ ಅಂಗಳದಲ್ಲಿ ಪುಸ್ತಕ ಇಡುವ ಗೂಡು, ಶಾಲೆಯ ಕೈತೋಟ, ಕಾಡುದಾರಿಯ ಕೈಮರ, ಹೀಗೆ ಎಷ್ಟೋ ಕೆಲಸಗಳನ್ನು ಹದಿನೆಂಟು ತುಂಬದ ಮಕ್ಕಳು ಮುಂದೆ ನಿಂತು ಮಾಡಿಸಿದ್ದಾರೆ. ಹೋದ ವರ್ಷ ಆ ಸಾಲಿಗೆ ನನ್ನ ಮಗನೂ ಸೇರಿದ. ಅವನು ಶಾಲೆಗೆ ಹೋದವನಲ್ಲ, ಮನೆಯಲ್ಲೇ ಓದಿದವನು. ಆ ಹೆಮ್ಮೆಯಲ್ಲೇ ಈ ಲೇಖನಕ್ಕೆ ಕೂತಿದ್ದೇನೆ.

ಬ್ರಿಟಿಷ್ ಸೇನಾಧಿಕಾರಿ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಶಿಬಿರದಿಂದ ಹುಟ್ಟಿದ ಸ್ಕೌಟಿಂಗ್ 1910ರಲ್ಲಿ ಅಮೆರಿಕದಲ್ಲಿ ಸಂಸ್ಥೆಯಾಗಿ ನೆಲೆಯಾಯಿತು. ‘ಬಾಯ್ ಸ್ಕೌಟ್ಸ್ ಆಫ್ ಅಮೆರಿಕ’ ಎಂದಿದ್ದ ಹೆಸರು 2025ರ ಫೆಬ್ರುವರಿಯಿಂದ ‘ಸ್ಕೌಟಿಂಗ್ ಅಮೆರಿಕ’ ಆಗಿದೆ. 2019ರಿಂದ ಹೆಣ್ಣುಮಕ್ಕಳಿಗೂ ಈಗಲ್ ದರ್ಜೆಯ ಹಾದಿ ತೆರೆದಿದೆ. ಟೆಂಡರ್‌ಫುಟ್, ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್, ಸ್ಟಾರ್, ಲೈಫ್ ಎಂಬ ಮೆಟ್ಟಿಲುಗಳನ್ನು ಹತ್ತಿದ ಮೇಲೆ ಸಿಗುವ ತುತ್ತತುದಿಯ ದರ್ಜೆ ಈಗಲ್. 1912ರಲ್ಲಿ ನ್ಯೂಯಾರ್ಕ್ ರಾಜ್ಯದ ಆರ್ಥರ್ ಎಲ್ಡ್ರೆಡ್ ಎಂಬ ಹುಡುಗ ಮೊದಲು ಅದನ್ನು ಮುಟ್ಟಿದ. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್, ಅಧ್ಯಕ್ಷರಾಗಿದ್ದ ಜೆರಾಲ್ಡ್ ಫೋರ್ಡ್, ಸಿನಿಮಾ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಎಲ್ಲರೂ ಈಗಲ್ ಸ್ಕೌಟ್‌ಗಳೇ. ಪ್ರಥಮ ಚಿಕಿತ್ಸೆ, ಅಡುಗೆ, ಹಣಕಾಸಿನ ಲೆಕ್ಕ ಹೀಗೆ ಒಟ್ಟು 21 ಮೆರಿಟ್ ಬ್ಯಾಡ್ಜ್ ಗಳಿಸಿರಬೇಕು. ಇದರ ಮೇಲೆ 1965ರಿಂದ ಇನ್ನೊಂದು ಷರತ್ತು ಸೇರಿಕೊಂಡಿತು. ಸ್ಕೌಟಿಂಗಿಗೆ ಸಂಬಂಧಪಡದ ಯಾವುದಾದರೂ ಶಾಲೆಗೆ, ದೇವಾಲಯ ಅಥವಾ ಚರ್ಚಿಗೆ, ಇಲ್ಲವೇ ಊರಿಗೆ ಉಪಯೋಗವಾಗುವ ಒಂದು ಸೇವಾಕಾರ್ಯವನ್ನು ಯೋಜಿಸಿ, ಇತರರನ್ನು ಮುನ್ನಡೆಸಿ ಮುಗಿಸಬೇಕು. ಹದಿನೆಂಟನೆಯ ಹುಟ್ಟುಹಬ್ಬದ ಒಳಗೆ.

ಇಡೀ ವ್ಯವಸ್ಥೆಯ ಜಾಣತನ ಇರುವುದು ಆ ‘ಮುನ್ನಡೆಸಿ’ಯಲ್ಲಿ. ಇಷ್ಟು ಗಂಟೆ ದುಡಿಯಬೇಕು ಎಂಬ ಲೆಕ್ಕ ನಿಯಮದಲ್ಲಿಲ್ಲ. ಹುಡುಗ ಒಬ್ಬನೇ ಕೂತು ಅಂದವಾದ ಬೆಂಚು ಮಾಡಿಕೊಟ್ಟರೂ ಅದು ಎಣಿಕೆಗೆ ಬರುವುದಿಲ್ಲ. ಅಪ್ಪ ಮಾಡಿ ಮಗ ಪಕ್ಕದಲ್ಲಿ ನಿಂತರಂತೂ ಕೇಳುವುದೇ ಬೇಡ. ಜನರನ್ನು ಕೂಡಿಸಬೇಕು, ಕೆಲಸ ಹಂಚಬೇಕು, ಗೊತ್ತಿಲ್ಲದವರಿಗೆ ಹೇಳಿಕೊಡಬೇಕು. ಮೊಳೆ ಹೊಡೆಯುವ ಮೊದಲೇ ಪ್ರಸ್ತಾವನೆ ಬರೆದು ನಾಲ್ಕು ಕಡೆ ಸಹಿ ಹಾಕಿಸಬೇಕು: ಉಪಯೋಗ ಪಡೆಯುವ ಸಂಸ್ಥೆ, ಸ್ಕೌಟ್ ಮಾಸ್ಟರ್, ಟ್ರೂಪಿನ ಸಮಿತಿ, ಸ್ಕೌಟ್ ಸಂಸ್ಥೆಯ ಜಿಲ್ಲೆ ಅಥವಾ ಕೌನ್ಸಿಲ್. ಮುಗಿದ ಮೇಲೆ ಖರ್ಚುವೆಚ್ಚದ ವರದಿ ಬೇರೆ.

ಇನ್ನು ಮಗನ ಮನೆಯ ಓದಿನ ಮಾತು. ನಾವಿರುವುದು ಪೆನ್ಸಿಲ್ವೇನಿಯಾದಲ್ಲಿ. ಮನೆಶಾಲೆ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಕಾನೂನುಬದ್ಧ. ಆದರೆ ನಿಯಮ ರಾಜ್ಯಕ್ಕೊಂದು. ಟೆಕ್ಸಸ್‌ನಲ್ಲಿ ಯಾರಿಗೂ ತಿಳಿಸಬೇಕಿಲ್ಲ. ನಮ್ಮಲ್ಲಿ ಪ್ರತಿವರ್ಷ ಶಾಲಾ ಜಿಲ್ಲೆಗೆ ಪ್ರಮಾಣಪತ್ರ ಕೊಡಬೇಕು, ವರ್ಷದ ಕಲಿಕೆಯನ್ನೆಲ್ಲ ಕಡತವಾಗಿ ಜೋಡಿಸಬೇಕು, ಅರ್ಹ ಮೌಲ್ಯಮಾಪಕರೊಬ್ಬರು ಮಗುವಿನೊಂದಿಗೆ ಮಾತಾಡಿ, ಕಡತ ನೋಡಿ, ಸರಿಯಿದೆ ಎಂದು ಬರೆದುಕೊಡಬೇಕು. ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳು ಈ ದಾರಿ ಹಿಡಿದವು. ನಾವು ಅದಕ್ಕೂ ಮೊದಲೇ ಹಿಡಿದಿದ್ದೆವು. ಅವನು ಒಂದು ವಿಷಯಕ್ಕೆ ಕೂತರೆ ಏಳುವವನಲ್ಲ. ಗಂಟೆ ಹೊಡೆದಾಗಲೆಲ್ಲ ಪುಸ್ತಕ ಬದಲಿಸುವುದು ಅವನಿಗೆ ಒಗ್ಗುವಂತಿರಲಿಲ್ಲ.

ಊರಿಗೆ ಹೋದಾಗಲೆಲ್ಲ ಅತ್ತೆ, ಚಿಕ್ಕಮ್ಮ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: “ಅಲ್ಲವೇ, ನಾಲ್ಕು ಮಕ್ಕಳ ಜೊತೆ ಬೆರೆಯೋದು ಯಾವಾಗ ಕಲಿಯುತ್ತೆ ಈ ಹುಡುಗ?” ನ್ಯಾಯವಾದ ಪ್ರಶ್ನೆಯೇ. ಪಾಠ ನಾನು ಹೇಳಿಕೊಡಬಲ್ಲೆ, ಆದರೆ ಬೇರೆಬೇರೆ ವಯಸ್ಸಿನ, ಬೇರೆಬೇರೆ ಮನೆಯ ಮಕ್ಕಳ ಗುಂಪನ್ನು ಅಡುಗೆಮನೆಯ ಮೇಜಿನ ಸುತ್ತ ತಂದು ಕೂರಿಸಲಾರೆ. ಸ್ಕೌಟ್ ಟ್ರೂಪು ಕೊಟ್ಟದ್ದು ಅದನ್ನೇ. ಅಲ್ಲಿ ಹನ್ನೊಂದರ ಹುಡುಗನಿಗೆ ಗಂಟು ಹಾಕಲು ಕಲಿಸುವವನು ಹದಿನಾಲ್ಕರವನು, ಹದಿನಾಲ್ಕರವನು ಕೇಳಬೇಕಾದದ್ದು ಹದಿನಾರರವನನ್ನು. ದೊಡ್ಡವರು ದೂರದಲ್ಲಿ ಕಾಫಿ ಕುಡಿಯುತ್ತಿರುತ್ತಾರೆ.

ಈಗಲ್ ದರ್ಜೆಯ ಸೇವಾಕಾರ್ಯಕ್ಕೆ ಅವನು ಆರಿಸಿಕೊಂಡದ್ದು ಹಕ್ಕಿಗೂಡು. ನಮ್ಮ ಟೌನ್‌ಶಿಪ್ಪಿನ ಉದ್ಯಾನದ ಪಕ್ಕದ ಹುಲ್ಲುಗಾವಲಿನಲ್ಲಿ ಈಸ್ಟರ್ನ್ ಬ್ಲೂಬರ್ಡ್‌ಗಳಿಗಾಗಿ ಹನ್ನೆರಡು ಪೆಟ್ಟಿಗೆ ನಿಲ್ಲಿಸುವ ಯೋಜನೆ. ಬೆನ್ನು ನೀಲಿ, ಎದೆ ಇಟ್ಟಿಗೆಗೆಂಪು, ಗುಬ್ಬಚ್ಚಿಗಿಂತ ಒಂದಿಷ್ಟು ದೊಡ್ಡ ಹಕ್ಕಿ. ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ, ಪೊಟರೆ ಕೊರೆಯಲು ಮಾತ್ರ ಅದಕ್ಕೆ ಬಾರದು. ಒಣಮರಗಳನ್ನು ಕಡಿದು ಹಾಕಿದ್ದರಿಂದ ಒಂದು ಏಟು, ಯುರೋಪಿನಿಂದ ತಂದು ಬಿಟ್ಟ ಎರಡು ಹಕ್ಕಿಗಳಿಂದ ಇನ್ನೊಂದು. ಸ್ಟಾರ್ಲಿಂಗ್‌ಗಳನ್ನು 1890ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಿಟ್ಟಿದ್ದರು. ಅದಕ್ಕೂ ಮೊದಲು ಬಂದದ್ದು ನಮ್ಮ ಮನೆಗುಬ್ಬಿ. ಬೆಂಗಳೂರಿನಲ್ಲಿ ಕಾಣೆಯಾಯಿತಲ್ಲ ಎಂದು ನಾವು ಮರುಗುವ ಅದೇ ಗುಬ್ಬಿ ಇಲ್ಲಿ ಬ್ಲೂಬರ್ಡಿನ ಗೂಡಿಗೆ ನುಗ್ಗಿ ಮೊಟ್ಟೆ ಒಡೆಯುತ್ತದೆ, ತಾಯಿಯನ್ನೂ ಕೊಲ್ಲುತ್ತದೆ.

ಆದ್ದರಿಂದ ಪೆಟ್ಟಿಗೆಯ ಪ್ರತಿ ಅಳತೆಗೂ ಒಂದು ಕಾರಣ. ಬಾಗಿಲ ತೂತು ಒಂದೂವರೆ ಇಂಚು. ಬ್ಲೂಬರ್ಡ್ ನುಸುಳುತ್ತದೆ, ಸ್ಟಾರ್ಲಿಂಗ್ ನುಸುಳಲಾರದು. ತೂತಿನ ಕೆಳಗೆ ಕೂರುವ ಕಡ್ಡಿ ಇರಬಾರದು, ಅದರಿಂದ ಅನುಕೂಲ ಗುಬ್ಬಿಗೇ. ಮುಂದಿನ ಹಲಗೆಯ ಒಳಮೈಯಲ್ಲಿ ಗೀರುಗಳಿರಬೇಕು, ಮರಿಗಳು ಉಗುರೂರಿ ಮೇಲೆ ಹತ್ತಲು. ತಳದಲ್ಲಿ ನೀರು ಇಳಿಯುವ ರಂಧ್ರ, ಸೂರಿನಡಿ ಗಾಳಿಯಾಡುವ ಸಂದು, ಒಳಗೆ ನೋಡಲು ತೆರೆಯುವ ಪಕ್ಕದ ಹಲಗೆ. ಕಂಬ ಲೋಹದ್ದು, ಅದರ ನಡುವೆ ಹಾವು, ರಕೂನ್ ಹತ್ತದಂತೆ ತಗಡಿನ ಅಗಲ ಕೊಳವೆ. ಮನೆಗುಬ್ಬಿಯನ್ನು ತೂತಿನ ಅಳತೆ ತಡೆಯದು. ಅದಕ್ಕೆ ಇರುವ ಉಪಾಯ ವಾರವಾರ ಯಾರಾದರೂ ಬಂದು ತೆರೆದು ನೋಡುವುದೊಂದೇ. ಟೌನ್‌ಶಿಪ್ಪಿನ ಉದ್ಯಾನ ಸಮಿತಿ ಮೊದಲು ಕೇಳಿದ್ದೂ ಅದನ್ನೇ: ನೀನು ಕಾಲೇಜಿಗೆ ಹೋದ ಮೇಲೆ ನೋಡಿಕೊಳ್ಳುವವರು ಯಾರು? ಅವನ ಬಳಿ ಉತ್ತರವಿತ್ತು. ಪ್ರಸ್ತಾವನೆ ಬರೆಯುವ ಮೊದಲೇ ಊರಿನ ಹಕ್ಕಿಪ್ರಿಯರ ಮನೆಬಾಗಿಲಿಗೆ ಹೋಗಿ, ಇಬ್ಬರು ನಿವೃತ್ತರನ್ನು ಒಪ್ಪಿಸಿ ಬಂದಿದ್ದ. ಸಭೆಯ ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೂ ಅದು ಆಗಲೇ ಗೊತ್ತಾದದ್ದು.

ಪೆಟ್ಟಿಗೆ ಜೋಡಿಸಿದ್ದು ಒಂದು ಶನಿವಾರ, ಹಕ್ಕಿಗಳು ಜಾಗ ಹುಡುಕಲು ಶುರುಮಾಡುವ ಮುನ್ನ. ಹದಿನೆಂಟು ತುಂಬದವರು ವಿದ್ಯುತ್ ಗರಗಸ ಮುಟ್ಟುವಂತಿಲ್ಲ ಎಂಬುದು ಸ್ಕೌಟಿಂಗಿನ ನಿಯಮ. ಹಾಗಾಗಿ ನನ್ನ ಗಂಡನೂ ಸೇರಿ ಮೂವರು ಅಪ್ಪಂದಿರು ಅವನು ಬರೆದುಕೊಟ್ಟ ಚೀಟಿ ಹಿಡಿದು ಸೀಡರ್ ಹಲಗೆ ಕುಯ್ಯುತ್ತಿದ್ದರು. ಸಂಶಯ ಬಂದಾಗ ಅವನನ್ನು ಕೂಗಿ ಕೇಳುತ್ತಿದ್ದರು. ನಾನು ಮೇಜಿನ ಹತ್ತಿರ ನಿಂತು ಸ್ಕ್ರೂಗಳನ್ನು ಬಟ್ಟಲುಗಳಿಗೆ ಹಂಚುತ್ತಿದ್ದೆ. ಅವನು ಬಂದು ಮೆಲ್ಲಗೆ ಕನ್ನಡದಲ್ಲಿ ಹೇಳಿದ: “ಅಮ್ಮ, ನೀನು ಅಲ್ಲಿ ನಿಲ್ಲಬೇಡ. ನೀನಿದ್ರೆ ಎಲ್ಲರೂ ನಿನ್ನನ್ನೇ ಕೇಳ್ತಾರೆ.” ನಾನು ಸರಿದು ನಿಂತೆ.

ಅಲ್ಲಿಂದ ಕಂಡದ್ದು ಇದು. ಹನ್ನೊಂದು ವರ್ಷದ ಪೋರನೊಬ್ಬ ಮೊದಲು ತೂತು ಕೊರೆಯದೆ ಹಲಗೆಯ ಅಂಚಿಗೇ ಸ್ಕ್ರೂ ತಿರುಗಿಸಿದ. ಹಲಗೆ ಉದ್ದಕ್ಕೆ ಸೀಳಿತು. ಪೋರನ ಮುಖ ಬಾಡಿತು. ಮಗ ಆ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಳ್ಳಲಿಲ್ಲ. ಸೀಳಿದ ಹಲಗೆಯನ್ನು ಬೆಳಕಿಗೆ ಹಿಡಿದು ನಾರು ಯಾವ ಕಡೆಗೆ ಓಡಿದೆ, ಸ್ಕ್ರೂ ಎಲ್ಲಿ ಅದನ್ನು ಬೆಣೆಯಂತೆ ಬಿಡಿಸಿದೆ ಎಂದು ತೋರಿಸಿದ. ಇನ್ನೊಂದು ಹಲಗೆ ತಂದು ಅಂಚಿನಿಂದ ಒಳಕ್ಕೆ ಪೆನ್ಸಿಲ್ ಗುರುತು ಹಾಕಿ, ದೊಡ್ಡ ಹುಡುಗನೊಬ್ಬನಿಂದ ಸಣ್ಣ ತೂತು ಕೊರೆಸಿ, ಮತ್ತೆ ಆ ಪೋರನ ಕೈಗೇ ಕೊಟ್ಟ. ಆಮೇಲೆ ಬಂದ ಚಿಕ್ಕ ಮಕ್ಕಳನ್ನೆಲ್ಲ ಕಲಿಯಲು ಅವನ ಬಳಿಗೇ ಕಳಿಸಿದ. ಮಧ್ಯಾಹ್ನದ ಹೊತ್ತಿಗೆ ಆ ಪೋರ ಎದೆಯುಬ್ಬಿಸಿ ಮೇಷ್ಟ್ರಾಗಿದ್ದ. ನನ್ನ ಮಗನ ಹತ್ತಾರು ಒಳ್ಳೆಯ ಅಂಕಪಟ್ಟಿಗಳನ್ನು ನೋಡಿದ್ದೇನೆ. ಯಾವುದೂ ನನ್ನ ಕಣ್ಣು ಹೀಗೆ ತುಂಬಿಸಿರಲಿಲ್ಲ.

ಕೊನೆಯ ಘಟ್ಟ ಬೋರ್ಡ್ ಆಫ್ ರಿವ್ಯೂ. ಇಪ್ಪತ್ತೊಂದು ದಾಟಿದ ಮೂವರಿಂದ ಆರು ಮಂದಿ ಕೂತು ಅಭ್ಯರ್ಥಿಯನ್ನು ಮಾತಾಡಿಸುತ್ತಾರೆ. ಎಲ್ಲರೂ ಒಪ್ಪಿದರಷ್ಟೇ ತೇರ್ಗಡೆ. ಹೆತ್ತವರಿಗೆ ಒಳಗೆ ಪ್ರವೇಶವಿಲ್ಲ. ಆ ಬಾಗಿಲ ಹೊರಗೆ ಕೂತಾಗ ನನಗೆ ದಿಗಿಲಾಗಲಿಲ್ಲ. ಮಾಡಬೇಕಾದದ್ದನ್ನು ಅವನು ಆಗಲೇ ಮಾಡಿಯಾಗಿತ್ತು. ಅರ್ಧ ಗಂಟೆಯ ಮೇಲೆ ಒಳಗೆ ಕರೆದು ಕೈಕುಲುಕಿದರು, ಎಡಗೈಯಲ್ಲಿ, ಸ್ಕೌಟ್ ಪದ್ಧತಿಯಂತೆ.

ಎಡಗೈ ಕುಲುಕುವ ಆ ಪದ್ಧತಿ ಸಾಗರದಲ್ಲಿರುವ ನನ್ನ ಅಪ್ಪನಿಗೂ ಹೊಸದಲ್ಲ. ಹೈಸ್ಕೂಲು ಮೇಷ್ಟ್ರಾಗಿದ್ದ ಅವರು ದೊಡ್ಡಬಳ್ಳಾಪುರದ ಶಿಬಿರದಲ್ಲಿ ತರಬೇತಿ ಪಡೆದು ವರ್ಷಗಟ್ಟಲೆ ಸ್ಕೌಟ್ ಮಾಸ್ಟರ್ ಆಗಿದ್ದವರು. 1950ರಲ್ಲಿ ರೂಪುಗೊಂಡ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಈಗಲ್ ಎಂಬ ದರ್ಜೆಯಿಲ್ಲ. ಅಲ್ಲಿ ರಾಜ್ಯ ಪುರಸ್ಕಾರ, ಅದರ ಮೇಲೆ ರಾಷ್ಟ್ರಪತಿ ಪ್ರಶಸ್ತಿ. ವಿಡಿಯೊ ಕರೆಯಲ್ಲಿ ಮೊಮ್ಮಗ ತೋರಿಸಿದ ಬ್ಯಾಡ್ಜನ್ನು ಅವರು ಅರೆಗಳಿಗೆ ನೋಡಿದರು ಅಷ್ಟೇ. ಅವರಿಗೆ ಬೇಕಿದ್ದದ್ದು ಬೇರೆ. “ಎಷ್ಟು ಜನ ಸೇರಿದ್ರು? ಸಣ್ಣ ಮಕ್ಕಳ ಕೈಗೆ ಏನು ಕೆಲಸ ಕೊಟ್ಟೆ? ಯಾರಿಗೂ ಪೆಟ್ಟಾಗಲಿಲ್ಲ ತಾನೆ?” ಎಂದು ಒಂದೊಂದಾಗಿ ಕೇಳಿದರು. ಅವನು ತಾತನಿಗೆ ಒಂದೂ ಬಿಡದೆ ವರದಿ ಒಪ್ಪಿಸಿದ, ಸೀಳಿದ ಹಲಗೆಯ ಸಮೇತ. ಅಪ್ಪ ಫೋನನ್ನು ನನಗೆ ಕೊಡಿಸಿ, “ಹುಡುಗ ತಯಾರಾಗಿದಾನೆ ಕಣಮ್ಮ” ಅಂದರು.